ರೀಸೆಟ್ ಮತ್ತು ಒಂದು ಶಾಲಾ ದಾಖಲೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಗೆಳೆಯರು ಮನೆಗೆ ಬಂದು ಕೇಳಿದಾಗ ನಾನು ಹಿಂಜರಿದೆ. ಶಾಲೆಯ ಹಳೆಯ ನೆನಪುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ವಾಸ್ಕೋದ ಕನ್ನಡಿಗರಲ್ಲಿ ಅನೇಕರಿದ್ದಾರೆ. ನಾನಾದರೋ ಮೂವತ್ತು ವರ್ಷಗಳಿಗೂ ಮಿಕ್ಕಿ ಇಲೆಕ್ಟ್ರಾನಿಕ್ ನಿಯಂತ್ರಣ ಯಂತ್ರಗಳ ತಯಾರಿಕೆ, ದುರಸ್ತಿಗಳಲ್ಲಿ ಕಾಲ ಕಳೆದವನು. ಲೇಖನಿಗಿಂತ ಸೋಲ್ಡರಿಂಗ್ ಐರನ್ ಹಿಡಿದದ್ದೇ ಹೆಚ್ಚು. "ನಿಮ್ಮ ಕಂಪ್ಯೂಟರಿನ ವಿಷಯವನ್ನೇ ಬರೆಯಿರಿ, ಆದರೆ ನಮ್ಮ ಮನೆಯ ಹೆಣ್ಣುಮಕ್ಕಳಿಗೂ ತಿಳಿಯುವಂತಿರಲಿ" ಎಂದು ಅವರು ರಿಯಾಯಿತಿ ಕೊಟ್ಟರು.

ಹಾಗಾದರೆ ಎಲ್ಲರೂ ಕಂಡಿರುವ ಒಂದು ಸಂಗತಿಯನ್ನೇ ಎತ್ತಿಕೊಳ್ಳುತ್ತೇನೆ. ಯಂತ್ರವು ನಡುವೆಯೇ ಸ್ತಬ್ಧವಾಗಿ ನಿಂತಾಗ ಅದನ್ನು ಮೊದಲಿನಿಂದ ಆರಂಭಿಸುತ್ತೇವಷ್ಟೆ, ಅದಕ್ಕೆ ರೀಸೆಟ್ ಎನ್ನುತ್ತಾರೆ. ಅದರಲ್ಲೂ ಮನುಷ್ಯನ ಬೆರಳು ಗುಂಡಿಯನ್ನು ಮುಟ್ಟದೆ, ಒಳಗೆ ನಡೆಯುತ್ತಿರುವ ತಂತ್ರಾಂಶವೇ ಯಂತ್ರವನ್ನು ಮೊದಲಿನಿಂದ ಆರಂಭಿಸುವ ಕ್ರಮವೊಂದಿದೆ. ನಾನು ಹೇಳಹೊರಟದ್ದು ಅದನ್ನು. ಇದರಲ್ಲಿ ಶಾಲೆ ಎಲ್ಲಿ ಬಂತು ಎಂದು ಓದುಗರು ಕೇಳಬಹುದು. ಶಾಲೆ ಮೊದಲಿಗೇ ಬರುತ್ತದೆ.

ನಮ್ಮ ತಂದೆ ಆಗಿನ ಧಾರವಾಡ ಜಿಲ್ಲೆಯ ರೋಣ ತಾಲೂಕಿನವರು. ಹೊಲದ ಸಾಲ ಹರಿಯದೆ ಮುರಗಾವ ಬಂದರಿಗೆ ಹಮಾಲಿ ಕೆಲಸಕ್ಕೆ ಬಂದವರು, 1979ರ ಜುಲೈಯಲ್ಲಿ ನಮ್ಮನ್ನೂ ಕರೆಸಿಕೊಂಡರು. ಗದಗ, ಹುಬ್ಬಳ್ಳಿ, ಲೋಂಡಾ, ಕ್ಯಾಸಲ್ ರಾಕ್ ದಾಟಿ ದೂಧಸಾಗರದ ತುಂತುರಿನಲ್ಲಿ ನೆನೆಯುತ್ತ ಮೀಟರ್ ಗೇಜ್ ಗಾಡಿಯಲ್ಲಿ ವಾಸ್ಕೋಕ್ಕೆ ಬಂದಿಳಿದೆವು. ಹೊರಡುವ ಗಡಿಬಿಡಿಯಲ್ಲಿ ಊರ ಶಾಲೆಯಿಂದ ನನ್ನ ದಾಖಲೆಯನ್ನು ತೆಗೆದುಕೊಂಡಿರಲಿಲ್ಲ. ನಮ್ಮವ್ವನಿಗಾಗಲಿ ಅಪ್ಪನಿಗಾಗಲಿ ಅಂಥದೊಂದು ಕಾಗದ ಬೇಕಾಗುತ್ತದೆಂಬುದೇ ತಿಳಿಯದು. ದಾಖಲೆಯಿಲ್ಲದೆ ಬಂದ ಹುಡುಗನನ್ನು ಒಂದನೆಯ ಇಯತ್ತೆಯಲ್ಲಿ ಕೂಡಿಸುವುದು ವಾಡಿಕೆಯೆಂದು ನೆರೆಯವರು ಹೇಳಿದರು. ಮೂರನೆಯ ಇಯತ್ತೆಯ ಏಳನೆಯ ಪಾಠದವರೆಗೆ ಓದಿದ್ದ ನಾನು ಎರಡು ದಿನ ಚಿಕ್ಕ ಮಕ್ಕಳ ನಡುವೆ ಮೊಣಕಾಲು ಮಡಚಿ ಕುಳಿತು ಅ ಆ ಇ ಈ ತಿದ್ದಿದೆ. ಆ ಎರಡು ದಿನಗಳ ನಾಚಿಕೆ ಇಂದಿಗೂ ನೆನಪಿದೆ.

ಮೂರನೆಯ ದಿನ ಹೆಡ್‌ಮಾಸ್ತರರು ವರ್ಗಕ್ಕೆ ಬಂದವರು ನನ್ನ ಎತ್ತರವನ್ನು ನೋಡಿ ಹೊರಗೆ ಕರೆದರು. "ಎಲ್ಲಿಂದ ಬಂದೀಯಪ್ಪಾ? ಯಾಕ ಬಂದ್ರಿ? ಅಲ್ಲಿ ಎಲ್ಲೀಮಟಾ ಕಲ್ತಿದ್ದಿ?" ಎಂದು ಮೂರು ಪ್ರಶ್ನೆ ಕೇಳಿದರು. ಹದಿಮೂರರ ಮಗ್ಗಿ ಹೇಳಿಸಿದರು. ನಾಲ್ಕು ಸಾಲು ಶುದ್ಧಲೇಖನ ಬರೆಯಿಸಿದರು. ಬಳಿಕ ಒಂದು ಚೀಟಿ ಬರೆದು ಮೂರನೆಯ ಇಯತ್ತೆಯ ಅಕ್ಕೋರ ಕೈಗೆ ಕೊಡಲು ಹೇಳಿದರು. ದಾರಿಯಲ್ಲಿ ನಾನು ಅದನ್ನು ಓದಿದೆ. ಮೊದಲಿನಿಂದ ಬೇಡ, ಏಳನೆಯ ಪಾಠದಿಂದ ಮುಂದುವರಿಸಿರಿ ಎಂದು ಅದರಲ್ಲಿತ್ತು.

ಆ ಚೀಟಿಯನ್ನು ನಾನು ಮರೆತೇಬಿಟ್ಟಿದ್ದೆ. ಹನ್ನೆರಡು ವರ್ಷಗಳ ಅನಂತರ, ಪಣಜಿಯಲ್ಲಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಐಬಿಎಂ ಪಿಸಿ-ಎಟಿ ಎಂಬ ಗಣಕಯಂತ್ರದ ಕೈಪಿಡಿಯ ಝೆರಾಕ್ಸ್ ಪ್ರತಿಯನ್ನು ಓದುತ್ತಿದ್ದಾಗ ಅದು ಏಕಾಏಕಿ ನೆನಪಿಗೆ ಬಂತು. ಏಕೆ ಬಂತೆಂಬುದನ್ನು ಹೇಳಬೇಕಾದರೆ ಮೊದಲು ರೀಸೆಟ್ ಎಂದರೇನೆಂದು ಸ್ವಲ್ಪ ಹೇಳಬೇಕು.

ಗಣಕಯಂತ್ರದ ಹೃದಯವಾದ ಪ್ರೊಸೆಸರ್ ಒಂದು ಚಿಕ್ಕ ಕಪ್ಪು ಬಿಲ್ಲೆ. ಅದಕ್ಕೆ ಇಕ್ಕೆಲಗಳಲ್ಲೂ ಜರಿಯ ಕಾಲುಗಳಂತೆ ಲೋಹದ ಪಿನ್ನುಗಳು. ಅವುಗಳಲ್ಲಿ ಒಂದರ ಹೆಸರೇ ರೀಸೆಟ್. ಆ ಪಿನ್ನಿಗೆ ಗೊತ್ತಾದ ವಿದ್ಯುತ್ ಸಂಕೇತವನ್ನು ಗೊತ್ತಾದಷ್ಟು ಹೊತ್ತು ಕೊಟ್ಟರೆ ಪ್ರೊಸೆಸರ್ ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು ತನ್ನ ಆರಂಭದ ಸ್ಥಾನಕ್ಕೆ ಹೋಗಿ ನಿಲ್ಲುತ್ತದೆ. ನಾನು ಹೆಚ್ಚಾಗಿ ಬಳಸಿದ, 1980ರಲ್ಲಿ ಬಂದ ಇಂಟೆಲ್ 8051 ಎಂಬ ಬಿಲ್ಲೆಗೆ ಈ ಸಂಕೇತ ಅದರ ಗಡಿಯಾರದ ಕನಿಷ್ಠ 24 ಮಿಡಿತಗಳಷ್ಟು ಹೊತ್ತು ಇರಬೇಕು. ಆಗ ಅದು ಸೊನ್ನೆಯೆಂಬ ವಿಳಾಸದಿಂದ ಓದಲು ಆರಂಭಿಸುತ್ತದೆ. 1978ರ 8086 ಮಾತ್ರ ಸೊನ್ನೆಗೆ ಹೋಗುವುದಿಲ್ಲ; ಒಂದು ಮೆಗಾಬೈಟಿನ ತನ್ನ ಸ್ಮೃತಿಯ ತುತ್ತತುದಿಗೆ ಹೋಗಿ, ಕೊನೆಗೆ 16 ಬೈಟುಗಳಷ್ಟು ಉಳಿದಿರುವಲ್ಲಿಂದ ಶುರುಮಾಡುತ್ತದೆ. ಎಲ್ಲಿಂದಲಾದರೂ ಇರಲಿ, ಆ ಸ್ಥಳ ಪ್ರತಿಸಲವೂ ಒಂದೇ, ಮತ್ತು ವಿದ್ಯುತ್ ಹೋದರೂ ಅಳಿಯದ ಬರಹ ಅಲ್ಲಿರಬೇಕು.

ರೀಸೆಟ್ ಎಂದರೆ ಎಲ್ಲವನ್ನೂ ಅಳಿಸಿಹಾಕುವುದೆಂದು ಬಹಳ ಜನ ತಿಳಿದಿದ್ದಾರೆ. ಅದು ಸರಿಯಲ್ಲ. 8051ರ ಒಳಗಿನ ಸ್ಮೃತಿಯಲ್ಲಿ ಬರೆದಿಟ್ಟದ್ದನ್ನು ರೀಸೆಟ್ ಮುಟ್ಟುವುದೇ ಇಲ್ಲ. ವಿದ್ಯುತ್ತು ಕಡಿದರೆ ಅದು ಅಳಿಯುತ್ತದೆ, ಆ ಮಾತು ಬೇರೆ. ರೀಸೆಟ್ಟಿನಲ್ಲಿ ಪಾಟಿಯ ಮೇಲಿನ ಅಕ್ಷರಗಳು ಇದ್ದಲ್ಲಿಯೇ ಇರುತ್ತವೆ. ಓದುವ ಬೆರಳು ಮಾತ್ರ ಮೊದಲ ಸಾಲಿಗೆ ಬಂದು ನಿಲ್ಲುತ್ತದೆ. ಒಂದನೆಯ ಇಯತ್ತೆಯಲ್ಲಿ ಕುಳಿತ ಮಾತ್ರಕ್ಕೆ ನನಗೆ ಹದಿಮೂರರ ಮಗ್ಗಿ ಮರೆತಿರಲಿಲ್ಲ. ಅದನ್ನು ಕೇಳುವವರು ಬೇಕಾಗಿತ್ತು.

ಇನ್ನು ತಂತ್ರಾಂಶವೇ ರೀಸೆಟ್ ಮಾಡಿಕೊಳ್ಳುವ ಮಾತು. ಹೊಸದಾಗಿ ಕಲಿತವರಿಗೆ ಇದು ಬಹು ಸುಲಭವೆಂದು ತೋರುತ್ತದೆ: ಆರಂಭದ ವಿಳಾಸ ಸೊನ್ನೆಯಾದರೆ, ಸೊನ್ನೆಗೆ ಜಿಗಿ ಎಂದು ಒಂದು ಆಜ್ಞೆ ಬರೆದರಾಯಿತಲ್ಲ! ನಾನೂ ಹಾಗೆಯೇ ಬರೆದು ಪೆಟ್ಟು ತಿಂದವನು. ಸೊನ್ನೆಗೆ ಜಿಗಿದರೆ ಓದುವ ಬೆರಳು ಮೊದಲ ಸಾಲಿಗೆ ಹೋಗುವುದೇನೋ ನಿಜ. ಆದರೆ ಸುತ್ತಲಿನ ಯಂತ್ರಾಂಶಕ್ಕೆ ಅದು ತಿಳಿಯುವುದಿಲ್ಲ. ಟೈಮರುಗಳು ಹಿಂದಿನ ಲೆಕ್ಕವನ್ನೇ ಎಣಿಸುತ್ತಿರುತ್ತವೆ. ಅದಕ್ಕಿಂತ ಕೆಟ್ಟದ್ದು ಇಂಟರಪ್ಟಿನ ಗತಿ. ಪಾಠ ಹೇಳುತ್ತಿರುವ ಗುರುಗಳನ್ನು ಆಫೀಸಿನಿಂದ ಕರೆ ಬಂತೆಂದು ಎಬ್ಬಿಸಿದಂತೆ ಪ್ರೊಸೆಸರನ್ನು ನಡುವೆ ಎಬ್ಬಿಸುವ ವ್ಯವಸ್ಥೆ ಇದು. ಹೋದವರು ಕೆಲಸ ಮುಗಿಸಿ, ಮರಳಿ ಬಂದೆನೆಂದು ತಿಳಿಸಬೇಕು. ತಿಳಿಸದೆ ಸೊನ್ನೆಗೆ ಜಿಗಿದರೆ, ಗುರುಗಳು ಇನ್ನೂ ಆಫೀಸಿನಲ್ಲಿಯೇ ಇದ್ದಾರೆಂದು ಯಂತ್ರಾಂಶ ನಂಬಿರುತ್ತದೆ. ಅದೇ ದರ್ಜೆಯ ಇನ್ನೊಂದು ಕರೆಯನ್ನು ಒಳಗೇ ಬಿಡುವುದಿಲ್ಲ. ಯಂತ್ರ ಹೊಸದಾಗಿ ಎದ್ದಂತೆ ಕಾಣುತ್ತದೆ, ಆದರೆ ಅರ್ಧ ಕಿವುಡಾಗಿರುತ್ತದೆ.

ಆದ್ದರಿಂದ ನಿಜವಾದ ರೀಸೆಟ್ ಬೇಕಾದರೆ ಆ ಪಿನ್ನನ್ನೇ ಎಳೆಯಬೇಕು. ಪಿನ್ನು ಇರುವುದು ಹೊರಗಡೆ. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲಾರದ ಪ್ರೊಸೆಸರ್ ಹೊರಗಿನ ಇನ್ನೊಬ್ಬರನ್ನು ಕೇಳಿಕೊಳ್ಳಬೇಕು. ಮೊಟೊರೋಲಾದ 68000ದಲ್ಲಿ ರೀಸೆಟ್ ಎಂಬ ಹೆಸರಿನ ಆಜ್ಞೆಯೇ ಇದೆ, ಆದರೆ ಅದು 124 ಮಿಡಿತಗಳ ಕಾಲ ಹೊರಗಿನ ಉಪಕರಣಗಳನ್ನೆಲ್ಲ ರೀಸೆಟ್ ಮಾಡುತ್ತದೆಯೇ ಹೊರತು ಪ್ರೊಸೆಸರನ್ನಲ್ಲ. ಎಲ್ಲರೂ ಎದ್ದು ನಿಲ್ಲಿರೆಂದು ಕೂಗಿ ತಾನು ಕುಳಿತೇ ಇರುವ ವರ್ಗದ ಮಾನಿಟರನಂತೆ!

1981ರ ಮೊದಲ ಐಬಿಎಂ ಪಿಸಿಯಲ್ಲಿ ಡೇವಿಡ್ ಬ್ರ್ಯಾಡ್ಲಿ ಎಂಬ ಇಂಜಿನಿಯರರು ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಮರುಚಾಲನೆ ಕೊಡುವ ಉಪಾಯ ಮಾಡಿದರು. ಅದು ಕೂಡ ಮೂಲದಲ್ಲಿ ಜಿಗಿತವೇ. ಜಿಗಿಯುವ ಮೊದಲು ಸ್ಮೃತಿಯ ಒಂದು ಮೂಲೆಯಲ್ಲಿ 1234 ಎಂಬ ಗುರುತನ್ನು ಬರೆದಿಡುತ್ತಿತ್ತು. ಏಳುವಾಗ ಆ ಗುರುತು ಕಂಡರೆ, ಇದು ಹೊಸದಾಗಿ ವಿದ್ಯುತ್ ಬಂದು ಎದ್ದದ್ದಲ್ಲವೆಂದು ತಿಳಿದು, ನಿಮಿಷಗಟ್ಟಲೆ ಹಿಡಿಯಬಹುದಾದ ಸ್ಮೃತಿಯ ತಪಾಸಣೆಯನ್ನು ಬಿಟ್ಟು ಮುಂದುವರಿಯುತ್ತಿತ್ತು.

1984ರ ಪಿಸಿ-ಎಟಿಯದು ಇನ್ನೂ ವಿಚಿತ್ರ. ಅದರೊಳಗಿನ 80286 ಪ್ರೊಸೆಸರಿಗೆ ಹಳೆಯ ರೀತಿ, ಹೊಸ ರೀತಿ ಎಂದು ಎರಡು ಅವಸ್ಥೆಗಳು. ಒಂದು ಮೆಗಾಬೈಟಿಗಿಂತ ಮೇಲಿನ ಸ್ಮೃತಿಯನ್ನು ಮುಟ್ಟಬೇಕಾದರೆ ಹೊಸ ಅವಸ್ಥೆಗೆ ಹೋಗಬೇಕು. ಹೋಗಲು ದಾರಿಯನ್ನು ಮಾಡಿದವರು ಮರಳಿ ಬರಲು ದಾರಿಯನ್ನೇ ಮಾಡಿರಲಿಲ್ಲ. ರೀಸೆಟ್ ಒಂದೇ ಗತಿ. ಐಬಿಎಂನವರು ಏನು ಮಾಡಿದರು ಬಲ್ಲಿರಾ? ಕೀಲಿಮಣೆಯನ್ನು ನೋಡಿಕೊಳ್ಳುವ 8042 ಎಂಬ ಚಿಕ್ಕ ಬಿಲ್ಲೆಯ ಒಂದು ಕಾಲನ್ನು ಪ್ರೊಸೆಸರಿನ ರೀಸೆಟ್ಟಿಗೆ ಜೋಡಿಸಿದರು. ದೊಡ್ಡ ಪ್ರೊಸೆಸರ್ ಈ ಚಿಕ್ಕ ಬಿಲ್ಲೆಗೆ ಎಫ್‌ಇ ಎಂಬ ಸಂಕೇತವನ್ನು ಕಳಿಸಿ, ನನ್ನನ್ನು ರೀಸೆಟ್ ಮಾಡೆಂದು ಕೇಳಿಕೊಳ್ಳುತ್ತದೆ. ಆದರೆ ರೀಸೆಟ್ ಆದ ಮೇಲೆ ಎಲ್ಲಿಗೆ ಹೋಗಬೇಕೆಂಬುದು ತಿಳಿಯಬೇಕಲ್ಲ? ಅದಕ್ಕಾಗಿ, ಕೇಳಿಕೊಳ್ಳುವ ಮೊದಲೇ, ಬ್ಯಾಟರಿಯ ಬಲದಿಂದ ಬದುಕಿರುವ ಗಡಿಯಾರದ ಸ್ಮೃತಿಯಲ್ಲಿ ಒಂದು ಸಂಖ್ಯೆಯನ್ನು ಬರೆದಿಡುತ್ತದೆ. ಮುಂದುವರಿಯಬೇಕಾದ ವಿಳಾಸವನ್ನು ಇನ್ನೊಂದು ಕಡೆ ಇಡುತ್ತದೆ. ಎದ್ದೊಡನೆ ಆರಂಭದ ತಂತ್ರಾಂಶ ಆ ಸಂಖ್ಯೆಯನ್ನು ನೋಡಿ, ಇವನು ಹೊಸಬನಲ್ಲ, ಮೊದಲಿನಿಂದ ಬೇಡ, ಬಿಟ್ಟಲ್ಲಿಂದ ಮುಂದುವರಿಯಲಿ ಎಂದು ಕಳಿಸಿಕೊಡುತ್ತದೆ.

ಈ ಪುಟಕ್ಕೆ ಬಂದಾಗ ನನಗೆ ಹೆಡ್‌ಮಾಸ್ತರರ ಚೀಟಿ ನೆನಪಾದದ್ದು. 1985ರ 80386ದಲ್ಲಿ ಮರಳುವ ದಾರಿಯನ್ನು ಪ್ರೊಸೆಸರಿನೊಳಗೇ ಮಾಡಿಕೊಟ್ಟರು, ಆದರೂ ಕೀಲಿಮಣೆಯ ಮೂಲಕ ರೀಸೆಟ್ ಕೇಳುವ ಸಂಪ್ರದಾಯ ಪಿಸಿಗಳಲ್ಲಿ ಬಹುಕಾಲ ಉಳಿಯಿತು. ಹಳೆಯ ಬಂಗಲೆಯ ಹಿತ್ತಿಲ ಬಾಗಿಲಿನಂತೆ, ಮುಂಬಾಗಿಲು ಬಂದ ಮೇಲೂ ಅದನ್ನು ಯಾರೂ ಮುಚ್ಚಲಿಲ್ಲ.

ಇಷ್ಟರವರೆಗೆ ಹೇಳಿದ್ದು ತಂತ್ರಾಂಶಕ್ಕೆ ಎಚ್ಚರವಿದ್ದು ತಾನಾಗಿ ರೀಸೆಟ್ ಕೇಳುವ ಮಾತು. ಎಚ್ಚರವೇ ತಪ್ಪಿದರೆ ಕೇಳುವವರಾರು? ಅದಕ್ಕೆಂದು ಇನ್ನೊಂದು ಉಪಾಯವಿದೆ. ಅದರ ಹೆಸರು ವಾಚ್‌ಡಾಗ್, ಕಾವಲು ನಾಯಿ. ಇದು ಪ್ರೊಸೆಸರಿನ ಹೊರಗೆ ಕುಳಿತ ಒಂದು ಟೈಮರು. ತಂತ್ರಾಂಶ ಸರಿಯಾಗಿ ನಡೆದಿರುವವರೆಗೆ ಅದಕ್ಕೆ ಆಗಾಗ ಒಂದು ತಟ್ಟು ತಟ್ಟುತ್ತಿರಬೇಕು. ಗೊತ್ತಾದ ಅವಧಿಯೊಳಗೆ, ನನ್ನ ಯಂತ್ರಗಳಲ್ಲಿ 1.6 ಸೆಕೆಂಡು, ತಟ್ಟು ಬೀಳದಿದ್ದರೆ ತಂತ್ರಾಂಶ ದಾರಿತಪ್ಪಿತೆಂದು ಬಗೆದು ಅದು ರೀಸೆಟ್ ಪಿನ್ನನ್ನು ಎಳೆಯುತ್ತದೆ. ನಾನು ಈ ಲೇಖನ ಬರೆಯಲು ಒಪ್ಪಿದ್ದೇ ಈ ಕಾವಲು ನಾಯಿಯ ಸಲುವಾಗಿ.

1997ರ ಮಳೆಗಾಲ. ನಾನು ಕೆಲಸ ಮಾಡುತ್ತಿದ್ದ ಚಿಕ್ಕ ಸಂಸ್ಥೆಯಿಂದ ಸಾಂಗೆ ತಾಲೂಕಿನ ಒಂದು ಕಬ್ಬಿಣದ ಅದಿರಿನ ಗಣಿಗೆ ಪಂಪುಗಳ ನಿಯಂತ್ರಣ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟಿದ್ದೆವು. ಗೋವೆಯ ಗಣಿಗಳು ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಇಳಿದಂಥವು. ಮೇಲಿಂದ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸಿನ ಮಳೆ. ನೀರನ್ನು ಎತ್ತಿ ಹೊರಗೆ ಹಾಕುತ್ತಲೇ ಇರಬೇಕು. ನೀರಿನ ಮಟ್ಟ ಅಳೆದು ತಾನಾಗಿ ಪಂಪುಗಳನ್ನು ಚಾಲೂ ಮಾಡಿ ನಿಲ್ಲಿಸುವುದು ಆ ಪೆಟ್ಟಿಗೆಯ ಕೆಲಸ. ಒಳಗೆ 8051, ಪಕ್ಕದಲ್ಲಿ ಕಾವಲು ನಾಯಿ. ಪೆಟ್ಟಿಗೆಯ ಮುಂಭಾಗದಲ್ಲಿ ಒಂದು ಹಸಿರು ದೀಪ. ಅದು ಮಿಣುಕುತ್ತಿದ್ದರೆ ಯಂತ್ರ ಕ್ಷೇಮ. ತಂತ್ರಾಂಶವನ್ನು ಬರೆದವನು ನಾನೇ.

ರಾತ್ರಿಯ ಕಾವಲಿಗೆ ನಮ್ಮ ಸೀಮೆಯವರೇ ಆದ ಒಬ್ಬರಿದ್ದರು, ನರಗುಂದದ ಕಡೆಯವರು. ನಾನು ಅವರನ್ನು ಕಾಕಾ ಎಂದು ಕರೆಯುತ್ತಿದ್ದೆ. ಹೆಂಡತಿ ಮಕ್ಕಳು ವಾಸ್ಕೋದಲ್ಲಿದ್ದರು; ಮಗ ನಮ್ಮ ಈ ಶಾಲೆಯಲ್ಲಿಯೇ ಮೂರನೆಯ ಇಯತ್ತೆಯಲ್ಲಿದ್ದ. ತಾಸಿಗೊಮ್ಮೆ ದೀಪವನ್ನು ನೋಡಿ ಪುಸ್ತಕದಲ್ಲಿ ಗುರುತು ಹಾಕಬೇಕೆಂದು ಕಾಕಾಗೆ ಹೇಳಿದ್ದರು. ಓದು ಬರಹ ಬಾರದ ಅವರು ಒಂದೊಂದು ತಾಸಿಗೆ ಒಂದೊಂದು ಗೆರೆ ಎಳೆಯುತ್ತಿದ್ದರು.

ಜುಲೈಯ ಒಂದು ರಾತ್ರಿ ಪಂಪುಗಳು ನಿಂತವು. ಬೆಳಗಾಗುವಷ್ಟರಲ್ಲಿ ಎರಡು ಪಂಪುಗಳ ಮೋಟರುಗಳು ನೀರಿನಡಿ ಮುಳುಗಿದ್ದವು. ಪುಸ್ತಕದಲ್ಲಿ ಎಂಟು ಗಂಟೆಯಿಂದ ಆರು ಗಂಟೆಯವರೆಗೆ ಹನ್ನೊಂದು ಗೆರೆಗಳಿದ್ದವು. ಮಲಗಿ ಎದ್ದು ಒಮ್ಮೆಲೇ ಹನ್ನೊಂದು ಗೆರೆ ಎಳೆದಿದ್ದಾನೆ ಎಂದು ಮೇಲಿನವರು ತೀರ್ಮಾನಿಸಿದರು. "ದೀಪಾ ಮಿಣಕ್ತಿತ್ತಪ್ಪಾ ತಮ್ಮಾ. ನಾ ಕಣ್ಣಾರೆ ನೋಡೇನಿ, ಹನ್ನೊಂದ ಸರ್ತಿ ನೋಡೇನಿ" ಎಂದು ಕಾಕಾ ನನ್ನ ಮುಂದೆ ಅಂದರು. ನಾನು ಯಂತ್ರದ ಮೇಲೆ ವಿಶ್ವಾಸವಿಟ್ಟವನು. ದೀಪ ಮಿಣುಕುತ್ತಿದ್ದರೆ ಪಂಪು ನಿಲ್ಲುವುದು ಹೇಗೆ ಸಾಧ್ಯ ಎಂದು ಸುಮ್ಮನಿದ್ದೆ. ಅಂದೇ ಅವರ ಕೆಲಸ ಹೋಯಿತು. ವಾರದೊಳಗೆ ಕುಟುಂಬಸಹಿತ ಊರಿಗೆ ಹೋದರೆಂದು ಕೇಳಿದೆ.

ಪೆಟ್ಟಿಗೆಯನ್ನು ಕಾರ್ಯಾಗಾರಕ್ಕೆ ತಂದು ಬಿಚ್ಚಿದೆ. ನಾಲ್ಕನೆಯ ದಿನ ದೋಷ ಸಿಕ್ಕಿತು. ನೀರಿನ ಮಟ್ಟವನ್ನು ಅಂಕಿಯಾಗಿ ಮಾರ್ಪಡಿಸುವ ಬಿಲ್ಲೆಯೊಂದಿತ್ತು. ಮಾರ್ಪಾಡು ಮುಗಿಯಿತೆಂದು ಅದು ಸಂಕೇತ ಕೊಡುವವರೆಗೆ ನನ್ನ ಮುಖ್ಯ ತಂತ್ರಾಂಶ ಕಾಯುತ್ತಿತ್ತು. ಪಂಪಿನ ಮೋಟರು ನಿಲ್ಲುವಾಗ ಹುಟ್ಟುವ ವಿದ್ಯುತ್ ಗದ್ದಲದಲ್ಲಿ ಒಮ್ಮೊಮ್ಮೆ ಆ ಸಂಕೇತ ಬರುತ್ತಲೇ ಇರಲಿಲ್ಲ. ತಂತ್ರಾಂಶ ಕಾಯುತ್ತ ಕಾಯುತ್ತ ಅಲ್ಲಿಯೇ ಕಲ್ಲಾಗುತ್ತಿತ್ತು, ಪಂಪುಗಳು ನಿಂತ ಸ್ಥಿತಿಯಲ್ಲಿಯೇ ಉಳಿಯುತ್ತಿದ್ದವು.

ಇಂಥ ಗಳಿಗೆಗೆಂದೇ ಅಲ್ಲವೆ ಕಾವಲು ನಾಯಿ? ಅದೇಕೆ ಬೊಗಳಲಿಲ್ಲ? ಏಕೆಂದರೆ ಅದನ್ನು ತಟ್ಟುವ ಕೆಲಸವನ್ನು ನಾನು ಮುಖ್ಯ ತಂತ್ರಾಂಶದಲ್ಲಿ ಇಟ್ಟಿರಲಿಲ್ಲ. ಬರೆಯಲು ಅನುಕೂಲವೆಂದು ಟೈಮರಿನ ಇಂಟರಪ್ಟಿನಲ್ಲಿ ಇಟ್ಟಿದ್ದೆ. ಹಸಿರು ದೀಪವೂ ಅಲ್ಲಿಂದಲೇ. ಮುಖ್ಯ ತಂತ್ರಾಂಶ ಕಲ್ಲಾದರೂ ಟೈಮರು ತನ್ನ ಪಾಡಿಗೆ ಓಡುತ್ತ, ನಾಯಿಯನ್ನು ತಟ್ಟುತ್ತ, ದೀಪವನ್ನು ಮಿಣುಕಿಸುತ್ತ ಎಲ್ಲ ಕ್ಷೇಮವೆಂದು ಸಾರುತ್ತಿತ್ತು. ಆ ಸಂಕೇತದ ತಂತಿಯನ್ನು ಕಿತ್ತು ಪರೀಕ್ಷೆಗಿಟ್ಟೆ. ರಾತ್ರಿಯಿಡೀ ದೀಪ ಮಿಣುಕುತ್ತಲೇ ಇತ್ತು. ಕಾಕಾ ನೋಡಿದ್ದು ನಿಜ. ಹನ್ನೊಂದು ಗೆರೆಗಳೂ ನಿಜ.

ದೋಷ ಸಿಕ್ಕಿದ್ದು ನಾಲ್ಕನೆಯ ದಿನ, ನಾನು ಬಾಯಿ ಬಿಟ್ಟದ್ದು ಇಪ್ಪತ್ತಮೂರನೆಯ ದಿನ. ನಡುವಿನ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಗಣಿಯಿಂದ ನಮಗೆ ಹಣ ಬರುವುದು ಬಾಕಿಯಿತ್ತು. ಈಗ ಹೇಳಿದರೆ ಅದೂ ಹೋಗಿ ಮೋಟರುಗಳ ದಂಡವೂ ತಲೆಗೆ ಬರುತ್ತದೆಂದು ನಮ್ಮ ಸಂಸ್ಥೆಯಲ್ಲಿ ಹೇಳಿದರು. ಮನೆಯಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು. ಇವೆಲ್ಲ ನಿಜವಾದ ಕಾರಣಗಳೇ. ಆದರೆ ನಾನು ಸುಮ್ಮನಿರಲು ಮುಖ್ಯ ಕಾರಣ ಬೇರೆ: ಹೋದವನು ಒಬ್ಬ ಕಾವಲುಗಾರ, ಅವನಿಗೆ ಇನ್ನೆಲ್ಲಿಯಾದರೂ ಕೆಲಸ ಸಿಕ್ಕೀತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹಮಾಲಿಯ ಮಗ ಹೀಗೆ ಯೋಚಿಸಿದ್ದು.

ಆಗಸ್ಟಿನಲ್ಲಿ ಒಂದು ದಿನ ಶಾಲೆಯ ಮುಂದಿನಿಂದ ಹೋಗುತ್ತಿದ್ದಾಗ ಗುರುಗಳೊಬ್ಬರು ನಿಲ್ಲಿಸಿ ಮಾತನಾಡಿಸಿದರು. ಮಾತಿನ ನಡುವೆ, "ನಿಮ್ಮ ಕಾಕಾನ ಮಗ ದಾಖಲೆ ತಗೊಳ್ಳದನ ಹೋಗ್ಯಾನಲ್ಲೋ, ಅಲ್ಲಿ ಅವನ್ನ ಎಲ್ಲಿ ಕೂಡಸ್ತಾರ?" ಎಂದರು. ಮರುದಿನ ನಾನು ಗಣಿಯ ಆಫೀಸಿಗೆ ಹೋಗಿ, ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ತಂತಿ ಕಿತ್ತು, ಮಿಣುಕುವ ದೀಪವನ್ನು ಅಲ್ಲಿಯ ವ್ಯವಸ್ಥಾಪಕರಿಗೆ ತೋರಿಸಿದೆ. ಅವರು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ನಮ್ಮ ಹಣದಲ್ಲಿ ಅರ್ಧ ಮುರಿದುಕೊಂಡರು. ಕಾಕಾಗೆ ಬರಹೇಳಲು ಒಪ್ಪಿದರು. ಊರಿಗೆ ಪತ್ರ ಹಾಕಿದೆ, ಉತ್ತರ ಬರಲಿಲ್ಲ. ಕೊನೆಗೆ ದಸರೆಗೆ ನಾನೇ ಹೋಗಿ ಹೇಳಿದೆ. "ಹೋಗ್ಲಿ ಬಿಡೋ ತಮ್ಮಾ, ದೀಪಾ ಮಿಣಕ್ತಿತ್ತ ಅಂತ ನೀನರೆ ಅಂದೆಲ್ಲಾ" ಎಂದಷ್ಟೇ ಅಂದರು. ದೀಪಾವಳಿಯ ನಂತರ ಮರಳಿ ಬಂದರು. ನನ್ನೊಂದಿಗೆ ಮೊದಲಿನಂತೆಯೇ ಇದ್ದರೆಂದು ಹೇಳಿದರೆ ಸುಳ್ಳಾದೀತು.

ತಂತ್ರಾಂಶವನ್ನು ಹೊಸದಾಗಿ ಬರೆದೆ. ಏಳನೆಯ ಇಯತ್ತೆಯಲ್ಲಿದ್ದಾಗ ಬಾಯ್ನಾ ದಂಡೆಗೆ ಓಡಿಹೋದ ಗೆಳೆಯನ ಹಾಜರಿಯನ್ನು ನಾನೇ ಕೂಗಿ ಸಿಕ್ಕಿಬಿದ್ದಿದ್ದೆ. ಅಂದಿನಿಂದ ಗುರುಗಳು ದನಿಯನ್ನು ನಂಬದೆ ಒಬ್ಬೊಬ್ಬರನ್ನೂ ನಿಲ್ಲಿಸಿ ಮುಖ ನೋಡಿ ಹಾಜರಿ ಹಾಕುತ್ತಿದ್ದರು. ನನ್ನ ಟೈಮರು ಮಾಡಿದ್ದೂ ಅದೇ, ಮಲಗಿದವನ ಹಾಜರಿಯನ್ನು ಎಚ್ಚರವಿದ್ದವನು ಕೂಗಿದ್ದ. ಈಗ ಮಟ್ಟ ಅಳೆಯುವ ಭಾಗ, ಪಂಪಿನ ನಿರ್ಣಯ ಮಾಡುವ ಭಾಗ, ಲೆಕ್ಕ ಬರೆದಿಡುವ ಭಾಗ, ಈ ಮೂರೂ ತಮ್ಮ ತಮ್ಮ ಗುರುತನ್ನು ತಾವೇ ಹಾಕಬೇಕು. ಮೂರೂ ಇದ್ದರೆ ಮಾತ್ರ ನಾಯಿಗೆ ತಟ್ಟು, ದೀಪಕ್ಕೆ ಮಿಣುಕು. ಸಂಕೇತ ಬಾರದೆ ತಡವಾದರೆ ತಂತ್ರಾಂಶ ತಾನೇ ಬ್ಯಾಟರಿಯ ಸ್ಮೃತಿಯಲ್ಲಿ ಕಾರಣವನ್ನು ಬರೆದಿಟ್ಟು, ಇಂಟರಪ್ಟುಗಳನ್ನು ಮುಚ್ಚಿ, ಬೇಕೆಂತಲೇ ಮೌನವಾಗುತ್ತದೆ. 8051ಕ್ಕೆ ರೀಸೆಟ್ ಕೇಳಲು ಬೇರೆ ಬಾಯಿಯಿಲ್ಲ. ಆ ಮೌನವೇ ಅದರ ಕೇಳಿಕೆ. 1.6 ಸೆಕೆಂಡಿಗೆ ನಾಯಿ ಪಿನ್ನನ್ನು ಎಳೆಯುತ್ತದೆ, ಎದ್ದ ತಂತ್ರಾಂಶ ಚೀಟಿಯನ್ನು ಓದಿ ಮುಂದುವರಿಯುತ್ತದೆ. ಇದರಲ್ಲೊಂದು ಸೂಕ್ಷ್ಮವಿದೆ. ರೀಸೆಟ್ ಆದೊಡನೆ 8051ರ ಹೊರಗಾಲುಗಳೆಲ್ಲ ಒಂದು ಎಂಬ ಮಟ್ಟಕ್ಕೆ ಏರುತ್ತವೆ. ಒಂದು ಎಂದರೆ ಪಂಪು ಚಾಲೂ ಎಂದು ಜೋಡಿಸಿದ್ದರೆ ಪ್ರತಿ ರೀಸೆಟ್ಟಿಗೂ ಎಲ್ಲ ಪಂಪುಗಳು ಒಮ್ಮೆಲೇ ಹೊಡೆದುಕೊಳ್ಳುತ್ತವೆ. ಅದನ್ನು ಅದೃಷ್ಟಕ್ಕೆ ಮೊದಲೇ ತಿರುವುಮುರುವಾಗಿ ಜೋಡಿಸಿದ್ದೆ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಬ್ಯಾಟರಿಯ ಸ್ಮೃತಿಯಲ್ಲಿ ಒಂಬತ್ತು ರೀಸೆಟ್ಟುಗಳು ಕಾರಣಸಮೇತ ದಾಖಲಾಗಿದ್ದವು. ಪಂಪುಗಳು ನಿಲ್ಲಲಿಲ್ಲ.

ಅದೇ 1997ರ ಜುಲೈ 4ರಂದು ಅಮೆರಿಕದ ಪಾತ್‌ಫೈಂಡರ್ ನೌಕೆ ಮಂಗಳ ಗ್ರಹದ ಮೇಲೆ ಇಳಿದಿತ್ತು. ಕೆಲವು ದಿನಗಳಲ್ಲಿ ಅದರ ಗಣಕಯಂತ್ರ ಮತ್ತೆ ಮತ್ತೆ ತಾನಾಗಿ ರೀಸೆಟ್ ಆಗತೊಡಗಿತಂತೆ. ಹವಾಮಾನದ ಮಾಹಿತಿ ಕೂಡಿಸುವ ಕೆಳದರ್ಜೆಯ ಕೆಲಸವೊಂದು ಹಂಚಿಕೆಯ ಬೀಗವನ್ನು ಹಿಡಿದು ಕುಳಿತಿರುತ್ತಿತ್ತು. ನಡುದರ್ಜೆಯ ಕೆಲಸಗಳು ಅದನ್ನು ಮುಂದೆ ಹೋಗಗೊಡುತ್ತಿರಲಿಲ್ಲ. ಮೇಲ್ದರ್ಜೆಯ ಕೆಲಸ ಬೀಗಕ್ಕಾಗಿ ಕಾದು ತನ್ನ ವೇಳೆ ತಪ್ಪಿಸಿಕೊಳ್ಳುತ್ತಿತ್ತು. ವೇಳೆ ತಪ್ಪಿದ್ದನ್ನು ಕಂಡ ತಂತ್ರಾಂಶ ರೀಸೆಟ್ ಮಾಡುತ್ತಿತ್ತು. ಭೂಮಿಯ ಮೇಲಿನ ಜೋಡಿಯಂತ್ರದಲ್ಲಿ ಇಂಜಿನಿಯರರು ಅದೇ ದೋಷವನ್ನು ಮರಳಿ ಹುಟ್ಟಿಸಿ, ಬೀಗ ಹಿಡಿದ ಕೆಳದರ್ಜೆಯ ಕೆಲಸಕ್ಕೆ ಆ ಹೊತ್ತಿಗೆ ಮೇಲ್ದರ್ಜೆ ಕೊಡುವ ಏರ್ಪಾಡನ್ನು ಇಲ್ಲಿಂದಲೇ ಕಳಿಸಿ ಸರಿಪಡಿಸಿದರು. ವರ್ಷಗಳ ಮೇಲೆ ಇದನ್ನು ಓದಿದಾಗ ನನಗೆ ಅವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಅವರ ಯಂತ್ರ ರೀಸೆಟ್ ಆಗಿ ಆಗಿ ತನ್ನ ಕಷ್ಟವನ್ನು ಹೇಳಿಕೊಂಡಿತು. ನನ್ನದು ಒಂದು ಸಲವೂ ಆಗದೆ ನಗುತ್ತ ಕುಳಿತಿತ್ತು.

ಈಗಿನ ಬಿಲ್ಲೆಗಳಲ್ಲಿ ಕಾವಲು ನಾಯಿ ಒಳಗೇ ಇರುತ್ತದೆ. ತಂತ್ರಾಂಶ ರೀಸೆಟ್ ಕೇಳಲು ಒಂದು ಅಧಿಕೃತ ಕಿಂಡಿಯೂ ಇರುತ್ತದೆ. ಆರ್ಮ್ ಕಾರ್ಟೆಕ್ಸ್-ಎಂ ಎಂಬ ವರ್ಗದಲ್ಲಿ ಕೋರಿಕೆಯ ಜೊತೆಗೆ 05ಎಫ್‌ಎ ಎಂಬ ಕೀಲಿಸಂಖ್ಯೆಯನ್ನು ಸೇರಿಸದಿದ್ದರೆ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ, ದಾರಿತಪ್ಪಿದ ತಂತ್ರಾಂಶ ಅಕಸ್ಮಾತ್ತಾಗಿ ಕೇಳಬಾರದೆಂದು. ಎದ್ದ ಕಾರಣವನ್ನು ಬರೆದಿಡಲು ಬಹಳಷ್ಟು ಬಿಲ್ಲೆಗಳಲ್ಲಿ ಬೇರೆ ಕೋಷ್ಠಕವೇ ಇದೆ. ವಿದ್ಯುತ್ ಬಂದು ಎದ್ದನೋ, ಯಾರೋ ಗುಂಡಿ ಒತ್ತಿದರೋ, ವೋಲ್ಟೇಜು ಕುಸಿಯಿತೋ, ನಾಯಿ ಎಳೆಯಿತೋ, ತಾನೇ ಕೇಳಿದನೋ, ಎಲ್ಲವೂ ಅಲ್ಲಿ ಸಿಗುತ್ತದೆ. ನನ್ನ ಕೈಕೆಳಗಿನ ಹುಡುಗರಿಗೆ ತಂತ್ರಾಂಶದ ಮೊದಲ ಸಾಲಿನಲ್ಲಿ ಅದನ್ನೇ ಓದಿಸುತ್ತೇನೆ. ಓದಿ ಒರೆಸದಿದ್ದರೆ ಎಷ್ಟೋ ಬಿಲ್ಲೆಗಳಲ್ಲಿ ಹಳೆಯ ಕಾರಣ ಹೊಸದರೊಂದಿಗೆ ಬೆರೆತು ಕುಳಿತಿರುತ್ತದೆ.

ಆ ಗಣಿ 2012ರಲ್ಲಿ ಗೋವೆಯ ಉಳಿದೆಲ್ಲ ಗಣಿಗಳ ಜೊತೆಗೆ ನಿಂತಿತು. ಕಾಕಾ ಅದಕ್ಕೂ ಮೊದಲೇ ತೀರಿಕೊಂಡಿದ್ದರು.

ಮಹೋತ್ಸವದ ಸಿದ್ಧತೆಗಾಗಿ ಶಾಲೆಯ ಹಳೆಯ ಪ್ರವೇಶ ಪುಸ್ತಕಗಳನ್ನು ತೆಗೆದು ಧೂಳು ಝಾಡಿಸುವ ಕೆಲಸಕ್ಕೆ ನಾವು ಕೆಲವರು ಹೋಗಿದ್ದೆವು. 1979ರ ಪುಟದಲ್ಲಿ ನನ್ನ ಹೆಸರಿನ ಮುಂದೆ ಹೆಡ್‌ಮಾಸ್ತರರ ದುಂಡನೆಯ ಅಕ್ಷರಗಳಿದ್ದವು: ದಾಖಲೆ ಇಲ್ಲ, ಪರೀಕ್ಷಿಸಿ ಮೂರನೆಯ ಇಯತ್ತೆಗೆ ಸೇರಿಸಿಕೊಂಡಿದೆ. 1997ರ ಪುಸ್ತಕವನ್ನೂ ತೆರೆದೆ. ಕಾಕಾನ ಮಗನ ಹೆಸರನ್ನು ಜುಲೈಯಲ್ಲಿ ಹೊಡೆದುಹಾಕಿ ನವೆಂಬರಿನಲ್ಲಿ ಅದೇ ಇಯತ್ತೆಗೆ ಮರುಪ್ರವೇಶ ಕೊಟ್ಟಿದ್ದಾರೆ. ಶಾಲೆ ಬಿಟ್ಟ ಕಾರಣವೆಂಬ ಕಾಲಮಿನಲ್ಲಿ, ತಂದೆಯ ಕೆಲಸ ಹೋಗಿ ಊರಿಗೆ ಹೋಗಿರುತ್ತಾರೆ ಎಂದಿದೆ.

ಆ ಹುಡುಗ ಈಗ ದೊಡ್ಡವನಾಗಿ, ವೆರ್ಣಾದಲ್ಲಿ ಕೆಲಸದಲ್ಲಿದ್ದಾನೆ; ಮಹೋತ್ಸವ ಸಮಿತಿಯಲ್ಲಿಯೂ ಓಡಾಡುತ್ತಿದ್ದಾನೆ. ತಂದೆ ಕಾವಲಿನ ಹೊತ್ತಿನಲ್ಲಿ ಮಲಗಿದ್ದರಿಂದ ಕೆಲಸ ಹೋಯಿತೆಂದು ಆಗ ಓಣಿಯಲ್ಲಿ ಆಡಿಕೊಂಡದ್ದನ್ನೇ ಅವನೂ ಕೇಳಿ ಬೆಳೆದವನು. ಒಮ್ಮೆ ನನ್ನೆದುರಿಗೇ ನಗುತ್ತ, "ನಮ್ಮಪ್ಪಗ ನಿದ್ದಿ ಭಾಳ ಇತ್ತ್ರೀ ಕಾಕಾ" ಎಂದಿದ್ದ. ಕಾಕಾ ಮನೆಯಲ್ಲಿ ಹೇಳಿರಲಿಲ್ಲವೆಂದು ನನಗೆ ಗೊತ್ತಾದದ್ದು ಆಗ. ಅಂದೂ ನಾನು ಹೇಳಲಿಲ್ಲ. ಸಂಚಿಕೆಯ ಕರಡಚ್ಚು ತಿದ್ದುವ ಕೆಲಸವನ್ನು ಅವನೇ ವಹಿಸಿಕೊಂಡಿದ್ದಾನೆ. ಈ ಲೇಖನವನ್ನು ನಾಳೆ ಅವನ ಕೈಯಲ್ಲಿಯೇ ಕೊಡುತ್ತೇನೆ.